ನಿನ್ನ ಪಾಲಿನ ಹಿಡಿ ಮಣ್ಣು

ಸಿಂಧನೂರು
೨೪ ನವೆಂಬರ್ ೧೯೯೬, ರವಿವಾರ

ಹಟ್ಟಿ ಚಿನ್ನದ ಗಣಿಯಲ್ಲಿ ನೆಲ ಅಗೆಯುವ ಮೌಲಾಹುಸೇನನಿಗೆ ಸಿಂಧನೂರಿನ ನಗೆಯವನ ಸಲಾಮು.

ನೋಡು, ಮೊದಲ ಸಾಲಿನಲ್ಲೇ ಜಾರಿಬಿಟ್ಟೆ. ಅಗೆ, ನಗೆ. ಹನ್ನೊಂದು ದಿನದಿಂದ ಇದೇ ಪಾಡು. ಕಾಗದ ಹಿಡಿದು ಕೂತರೆ ಸಾಕು, ಒಂದು ಶ್ಲೇಷೆ ತಾನಾಗಿ ಬಂದು ಪಕ್ಕದಲ್ಲಿ ಕೂರುತ್ತದೆ. ಹರಿದು ಹಾಕುತ್ತೇನೆ. ಆರು ಕಾಗದ ಹರಿದಾಯಿತು. ಏಳನೆಯದನ್ನು ಹರಿಯುವುದಿಲ್ಲ, ಬಂದದ್ದು ಬರಲಿ. ತಡವಾದುದಕ್ಕೆ ಕ್ಷಮಿಸು. ಮಕ್ತುಂಬೀ ಭಾಬಿಯ ಮೊಣಕಾಲು ನೋವು ಇಳಿದಿದೆ, ಸಣ್ಣವಳು ಶಾಲೆಗೆ ಅಳದೆ ಹೋಗುತ್ತಿದ್ದಾಳೆ ಅಂತ ನಂಬಿದ್ದೇನೆ.

ನಂಬುವ ಮಾತು ಬಂತಲ್ಲ, ವಿಷಯಕ್ಕೆ ಬರುತ್ತೇನೆ. ಮೌಲಾ, ದ್ಯಾವಪ್ಪ ನಿಜವಾಗಿಯೂ ತೀರಿಕೊಂಡಿದ್ದಾನೆ.

ನಾನು ಕಳಿಸಿದ ತಾರು ಚೇಷ್ಟೆಯದಲ್ಲ. ಮಣ್ಣಾಗಿ ಮೂರು ದಿನಕ್ಕೆ ನಿನ್ನ ಕಾರ್ಡು ಬಂತು. "ಈ ಸಲ ಸಿಗಂಗಿಲ್ಲ ಮಗನ. ಏಪ್ರಿಲ್ ಒಂದು ಇನ್ನೂ ಭಾಳ ದೂರ ಅದ. ದ್ಯಾವಪ್ಪಗ ನನ್ನ ಸಲಾಮ್ ಹೇಳು, ಇಷ್ಟು ಜಲ್ದಿ ಸಾಯಬ್ಯಾಡ ಅಂತನೂ ಹೇಳು." ಅದನ್ನು ಓದಿ ನನ್ನ ಹೆಂಡತಿ ಒಳಗೆ ಹೋದಳು. ನಾನು ಹೊರಗೂ ಹೋಗಲಿಲ್ಲ, ಒಳಗೂ ಹೋಗಲಿಲ್ಲ. ಹೊಸ್ತಿಲ ಮೇಲೇ ಕೂತೆ.

ನಿನ್ನ ಮೇಲೆ ಸಿಟ್ಟಿಲ್ಲ. ಹತ್ತು ವರ್ಷದ ಹಿಂದೆ, ಏಪ್ರಿಲ್ ಒಂದಕ್ಕೆ, "ಮೈಲಾರಲಿಂಗಪ್ಪ ತೀರಿದ, ಕೂಡಲೇ ಹೊರಡು" ಅಂತ ನನ್ನ ಸಾವಿನ ತಾರನ್ನು ನಾನೇ ನಿನಗೆ ಕೊಟ್ಟವನಲ್ಲವೇ? ನೀನು ಪಾಳಿ ಬಿಟ್ಟು, ಗಣಿಯ ಬೂಟಿನಲ್ಲೇ ಬಸ್ಸು ಹತ್ತಿ, ಲಿಂಗಸುಗೂರಿನಲ್ಲಿ ಬಸ್ಸು ಬದಲಿಸಿ, ದಾರಿಯುದ್ದಕ್ಕೂ ಅಳುತ್ತಾ ಸಿಂಧನೂರಿಗೆ ಬಂದೆ. ನಾನು ಕಟ್ಟೆಯ ಮೇಲೆ ಕೂತು ಮಿರ್ಚಿ ತಿನ್ನುತ್ತಿದ್ದೆ. ನೀನು ಹೊಡೆಯುತ್ತೀ ಅಂದುಕೊಂಡಿದ್ದೆ. ಹೊಡೆಯಲಿಲ್ಲ. ನನ್ನ ತಟ್ಟೆಯ ಮಿರ್ಚಿ ಕಸಿದು ತಿಂದು, "ಇನ್ನ ನೀ ಖರೇನ ಸತ್ತರೂ ನಾ ಬರಂಗಿಲ್ಲ ನೋಡಲೇ" ಅಂದೆ. ನಾನು ಬಿದ್ದು ಬಿದ್ದು ನಕ್ಕೆ.

ಆ ಸಂಗತಿಗೆ ನಗದವನು ದ್ಯಾವಪ್ಪ ಒಬ್ಬನೇ. ಆಗ ತಾನೇ ಟಿವಿ ವಾರ್ತೆಗೆ ಸೇರಿದ್ದ. "ಸುದ್ದಿ ಅಂದ್ರ ಸುದ್ದಿನ ಇರಬೇಕಲೇ ಮೈಲಾರಿ. ಅದಕ್ಕ ಉಪ್ಪಿನಕಾಯಿ ಹಚ್ಚಬ್ಯಾಡ" ಅಂದಿದ್ದ. ಈಗ ಅವನೇ ಸುದ್ದಿಯಾದ. ಹಚ್ಚಿದ ಉಪ್ಪಿನಕಾಯಿ ನನ್ನ ಕೈಯಿಂದ ಇನ್ನೂ ಹೋಗಿಲ್ಲ.

ತಾರು ಕೊಡಲು ಹೋದಾಗ ಅಂಚೆ ಕಚೇರಿಯ ಅಯ್ಯಪ್ಪ ಫಾರಂ ಓದಿ ಕನ್ನಡಕ ಮೇಲೇರಿಸಿದ. "ಮಾಸ್ತರ, ಇದು ಖರೇನೋ, ಚಾಷ್ಟಿನೋ? ಹಿಂದ ನಿಮ್ಮ ಸಲುವಾಗಿ ನಾ ಬೈಸಿಕೊಂಡೀನ್ರಿ" ಅಂದ. "ಖರೇ ಅಯ್ಯಪ್ಪ" ಅಂದೆ. "ಆಣಿ ಮಾಡ್ರಿ" ಅಂದ. ಮಾಡಿದೆ. ನನ್ನ ಗೆಳೆಯ ಸತ್ತಿದ್ದಾನೆ ಅಂತ ಕಿಟಕಿಯ ಮುಂದೆ ನಿಂತು ತಾಯಿ ಆಣೆ ಮಾಡಿದೆ, ಮೌಲಾ.

ತಾರು ತಡವಾದೀತೆಂದು ಎಸ್‌ಟಿಡಿ ಬೂತಿಗೂ ಹೋದೆ. ನಿಮ್ಮ ಗಣಿಯಲ್ಲಿ ಫೋನು ಎತ್ತಿದವನು ಯಾರೋ, ನನ್ನ ದನಿ ಕೇಳಿದ್ದೇ ತಡ ಖುಷಿಯಾಗಿಬಿಟ್ಟ. ಹೋದ ವರ್ಷ ಅಲ್ಲಿಯ ಗಣಪತಿ ಮುಂದೆ ನನ್ನ ಹಾಸ್ಯದ ಭಾಷಣ ಕೇಳಿದ್ದನಂತೆ. "ಮೌಲಾಹುಸೇನಗ ಹೇಳ್ರಿ, ದ್ಯಾವಪ್ಪ ತೀರಿಕೊಂಡಾನ" ಅಂದೆ. "ಹೆಹೆಹೆ, ಮಾಸ್ತರ, ಈ ಸಲ ಅವರನ್ನ ಸಾಯಿಸಿದ್ರೇನು?" ಅಂದ. "ಇಲ್ರಿ, ಖರೇ" ಅಂದರೆ ಇನ್ನೂ ಜೋರಾಗಿ ನಕ್ಕ. ನಾನು ಅಳುತ್ತಾ ಹೇಳಿದಷ್ಟೂ ಅವನು ನಗುತ್ತಾ ಕೇಳಿದ. ಫೋನು ಇಟ್ಟೆ. ಅಂದು ಸಂಜೆಯ ವಾರ್ತೆಯಲ್ಲಿ ದ್ಯಾವಪ್ಪನ ಫೋಟೋ ತೋರಿಸಿದರು. ನೀನು ಎರಡನೇ ಪಾಳಿಯಲ್ಲಿ ನೆಲದ ಕೆಳಗಿದ್ದೆ.

ಆದದ್ದು ಇಷ್ಟು. ಮಂಗಳವಾರ ಬೆಳಿಗ್ಗೆ ಬೆಂಗಳೂರಿನ ಮನೆಯಲ್ಲಿ ಸ್ನಾನ ಮಾಡಿ ಬಂದು, ಅಂಗಿ ಹಾಕಿಕೊಳ್ಳುತ್ತಾ ಮಂಚದ ಮೇಲೆ ಕೂತನಂತೆ. ಹೆಂಡತಿ ಪಾರ್ವತೆಮ್ಮ ಚಹಾ ತಂದಾಗ ಒಂದು ತೋಳು ಅಂಗಿಯೊಳಗಿತ್ತು, ಇನ್ನೊಂದು ಹೊರಗಿತ್ತು. ಹೃದಯ ನಿಂತಿತ್ತು. ಮೂವತ್ತೈದು ವರ್ಷ. ಬುಧವಾರ ವ್ಯಾನಿನಲ್ಲಿ ಮಸ್ಕಿಗೆ ತಂದರು, ಮಧ್ಯಾಹ್ನ ಅವರ ಹೊಲದಲ್ಲೇ ಮಣ್ಣು ಮಾಡಿದೆವು.

ನೀನಿನ್ನೂ ನಂಬದಿದ್ದರೆ ಪತ್ರಿಕೆಯಲ್ಲಿ ಬಂದ ನಾಲ್ಕು ಸಾಲು ಕತ್ತರಿಸಿ ಇದರ ಜೊತೆ ಇಟ್ಟಿದ್ದೇನೆ. ಇದನ್ನು ನಾನೇ ಅಚ್ಚು ಹಾಕಿಸಿದೆ ಅಂದುಕೊಳ್ಳಬೇಡ. ನಿನ್ನ ಮದುವೆಯಲ್ಲಿ ವರನ ಹೆಸರಿನ ಜಾಗಕ್ಕೆ ನನ್ನ ಹೆಸರು ಹಾಕಿ ಕಾರ್ಡು ಮುದ್ರಿಸಿದ್ದು ನಿಜ. ಆ ಪ್ರೆಸ್ಸು ಮುಚ್ಚಿ ಐದು ವರ್ಷವಾಯಿತು.

ಲಿಂಗಸುಗೂರಿನ ಆ ಸಂಜೆ ನಿನಗೆ ನೆನಪಿದೆಯೇ? ಎಂಬತ್ಮೂರನೇ ಇಸವಿ, ನಾವು ಮೂವರೂ ಬಿ.ಎ. ಎರಡನೇ ವರ್ಷ. ಬಜಾರಿನಲ್ಲಿ ಜಂಗ್ಲಿಸಾಬ್ ರೇಡಿಯೋ ಅಂಗಡಿಗೆ ಮೊದಲ ಸಲ ಟಿವಿ ತಂದು, ಗಳದ ತುದಿಗೆ ಅಂಟೆನಾ ಕಟ್ಟಿ, ಊರನ್ನೆಲ್ಲ ಕರೆದಿದ್ದ. ವಾರ್ತೆ ಶುರುವಾಗಿ ಎರಡು ನಿಮಿಷಕ್ಕೆ ಚಿತ್ರ ಹೋಯಿತು, ಹಲಗೆ ಬಂತು: ಅಡಚಣೆಗಾಗಿ ವಿಷಾದಿಸುತ್ತೇವೆ. ಅರ್ಧ ತಾಸು ಅದೇ ಹಲಗೆ. "ಇಷ್ಟ ಏನ್ರಿ ಟಿವಿ ಅಂದ್ರ? ಬೋರ್ಡ್ ನೋಡಾಕ ಬಸ್ ಸ್ಟ್ಯಾಂಡ್ ಸಾಲದೇನು?" ಅಂತ ಯಾರೋ ಕೂಗಿದರು. ಜಂಗ್ಲಿಸಾಬನ ಮುಖ ಸಣ್ಣದಾಯಿತು. ಆಗ ದ್ಯಾವಪ್ಪ ಎದ್ದು ಹೋಗಿ ಟಿವಿಯ ಪಕ್ಕದಲ್ಲಿ ನಿಂತ. "ನಮಸ್ಕಾರ. ಲಿಂಗಸುಗೂರು ವಾರ್ತೆಗಳು, ಓದುತ್ತಿರುವವರು ಮಸ್ಕಿಯ ದ್ಯಾವಪ್ಪ. ಹಾಸ್ಟೆಲಿನ ಸಾರಿನಲ್ಲಿ ಬೇಳೆ ಇದೆಯೆಂಬ ವದಂತಿಯನ್ನು ಅಡುಗೆಯವರು ಬಲವಾಗಿ ಅಲ್ಲಗಳೆದಿದ್ದಾರೆ." ಚೀಟಿ ಬರೆದು ಬರೆದು ಕೊಟ್ಟವನು ನಾನು. ಒಂದಿಷ್ಟೂ ನಗದೆ ಓದಿದವನು ಅವನು. ಮುಂದಿನ ಸಾಲಿನಲ್ಲಿ ನಕ್ಕು ನಕ್ಕು ಬಿದ್ದವನು ನೀನು. ಅವನ ಕೆಲಸ ಅಂದೇ ಹುಟ್ಟಿತು. ನಮ್ಮಿಬ್ಬರ ಕೆಲಸವೂ ಅಂದೇ ಗೊತ್ತಾಯಿತು ಅನ್ನಿಸುತ್ತದೆ.

ಅವನು ರಾಜ್ಯಕ್ಕೆಲ್ಲ ಟಿವಿಯ ಡಿ. ಮಸ್ಕಿ ಆದಮೇಲೆ ನಾನು ರೇಗಿಸುತ್ತಿದ್ದೆ. "ನಮ್ಮ ಅಂಟೆನಾದಾಗ ಮಸ್ಕಿ ಬರೇ ಮಸುಕು ಕಾಣ್ತಾನ." ಅವನು, "ನಾ ಕಾಣದಿದ್ರ ನಡೀತದ. ನಾ ತೋರಸಾಕತ್ತಿದ್ದು ಕಂಡ್ರ ಸಾಕು" ಅನ್ನುತ್ತಿದ್ದ.

ಮೊನ್ನೆ ಗುರುವಾರ ನಾನು ಪಾಠ ಮಾಡುವ ಇಲ್ಲಿಯ ಕಾಲೇಜಿನಲ್ಲಿ ಶ್ರದ್ಧಾಂಜಲಿ ಸಭೆ ಇಟ್ಟಿದ್ದರು. ಮಾತಾಡುವವನು ನಾನೇ. ಎದ್ದು ನಿಂತೆ, ಕೆಮ್ಮಿದೆ. ಕೆಮ್ಮಿಗೇ ಹಿಂದಿನ ಸಾಲು ನಕ್ಕಿತು. ಜನರ ತಪ್ಪಿಲ್ಲ, ಇಷ್ಟು ವರ್ಷವೂ ನಾನು ನಿಂತಾಗಲೆಲ್ಲ ಅವರು ನಕ್ಕಿದ್ದಾರೆ. ಬರೆದುಕೊಂಡಿದ್ದ ಹಾಳೆಯ ಅಕ್ಷರ ಕಾಣಲಿಲ್ಲ. ಬಾಯಿಗೆ ಬಂದದ್ದು ಹೇಳಿದೆ: "ನಮ್ಮ ದ್ಯಾವಪ್ಪ ಇಷ್ಟು ದಿನ ದೂರದರ್ಶನದಾಗಿದ್ದ. ಇನ್ನ ನಮಗ ಅವನ ದರ್ಶನನ ದೂರ." ನಾನು ಸಂಕಟದಿಂದ ಹೇಳಿದ ಮಾತು ಅದು, ಮೌಲಾ. ಇಡೀ ಸಭೆ ಗೊಳ್ಳೆಂದಿತು. ಯಾರೋ ಚಪ್ಪಾಳೆ ಹೊಡೆದರು. ನಾನು ಕೂತೆ. ಚುಟುಕಾಗಿ ಮುಗಿಸಿದ ಅಂತ ಅದಕ್ಕೂ ಹೊಗಳಿದರು.

ಸಭೆಗೆ ಜವಳಗೇರಾದ ಗ್ಯಾನಮ್ಮ ಬಂದಿದ್ದಳು. ಭತ್ತದ ನಾಟಿ ಮಾಡುವ ಕೂಲಿಯವಳು, ಟ್ರ್ಯಾಕ್ಟರ್ ಹತ್ತಿ ಬಂದಿದ್ದಳು. ಮೂರು ವರ್ಷದ ಹಿಂದೆ ದ್ಯಾವಪ್ಪ ಅಲ್ಲಿ ಗದ್ದೆಯ ಬದುವಿನ ಮೇಲೆ ಕುಕ್ಕರುಗಾಲಲ್ಲಿ ಕೂತು, ಮೊದಲು "ಉಂಡೀಯೇನವ್ವ?" ಅಂತ ಕೇಳಿ, ಆಮೇಲೆ ಮೈಕು ಹಿಡಿದಿದ್ದನಂತೆ. ವಾರ್ತೆಯಲ್ಲಿ "ಕೂಲಿ ಹೆಂಗಸರು" ಅನ್ನದೆ "ಜವಳಗೇರಾದ ಗ್ಯಾನಮ್ಮ ಹೇಳುತ್ತಾರೆ" ಅಂದನಂತೆ. "ನನ್ನ ಹೆಸರು ಅಷ್ಟು ಚಂದ ಅದ ಅಂತ ನನಗ ಗೊತ್ತಿರಲಿಲ್ರಿ" ಅಂದಳು. ಆಮೇಲೆ ಸೆರಗು ಬಾಯಿಗೆ ಒತ್ತಿಕೊಂಡು ಮೆಲ್ಲಗೆ ಕೇಳಿದಳು: "ಎಲ್ಲಾರೂ ನಗಾಕತ್ತಿದ್ರಲ್ರಿ... ಅಂದ್ರ ಅವರು ಸತ್ತಿಲ್ಲೇನ್ರಿ?" ಅವಳ ಕಣ್ಣುಗಳು ಹಿಗ್ಗಿ ನಿಂತಿದ್ದವು. ಆ ಹಿಗ್ಗನ್ನು ನಾನೇ ಕೊಟ್ಟು ನಾನೇ ಕಸಿದುಕೊಳ್ಳಬೇಕಾಯಿತು. "ಸತ್ತಾನವ್ವ" ಅಂದೆ. ಅವಳು ನಂಬಿದಳು. ಒಂದೇ ಸಲಕ್ಕೆ ನನ್ನ ಮಾತು ನಂಬಿದವರು ಈ ಹನ್ನೊಂದು ದಿನದಲ್ಲಿ ಅವಳೊಬ್ಬಳೇ.

ಖುದ್ದಾಗಿ ಹಟ್ಟಿಗೆ ಯಾಕೆ ಬರಲಿಲ್ಲ ಅಂತ ಕೇಳುತ್ತೀ. ಬಂದಿದ್ದೆ. ಹೋದ ರವಿವಾರ ಲಿಂಗಸುಗೂರಿನ ತನಕ ಬಂದೆ. ಹಟ್ಟಿ ಬಸ್ಸು ನಿಂತಿತ್ತು, ಸೀಟೂ ಇತ್ತು. ಹತ್ತಲಾಗಲಿಲ್ಲ. ಬಾಗಿಲಲ್ಲಿ ನನ್ನನ್ನು ಕಂಡೊಡನೆ ನೀನು ನಗುತ್ತೀ. "ಬಾರಲೇ ಕಳ್ಳ, ಎಲ್ಲಿ ನಿನ್ನ ಹೆಣ?" ಅನ್ನುತ್ತೀ. ಆ ನಗು ನನ್ನ ಕಣ್ಣ ಮುಂದೆ ಆರುವುದನ್ನು ನೋಡುವ ಧೈರ್ಯ ನನಗಿಲ್ಲ. ಕಾಗದವಾದರೆ ನೀನು ಒಬ್ಬನೇ ಓದುತ್ತೀ.

ಇನ್ನೊಂದು ಕೇಳು. ಮಣ್ಣು ಹಾಕುವಾಗ ನಾನು ಎರಡು ಹಿಡಿ ತೆಗೆದುಕೊಂಡೆ. ಕುಣಿ ತೋಡಿದ ಯಮನೂರಪ್ಪ ಕೈ ಹಿಡಿದ. "ಒಬ್ಬರಿಗೆ ಒಂದು ಹಿಡಿ ರೀ ಮಾಸ್ತರ." "ಇದು ಹಟ್ಟಿಯವಂದು" ಅಂದೆ. "ಅವರ ಮಣ್ಣು ನೀವು ಹಾಕಿದ್ರ ಹೆಂಗ? ಬಂದು ಹಾಕ್ತಾರ ಬಿಡ್ರಿ" ಅಂದ. ಅವನು ಹೇಳಿದ್ದು ಸರಿ ಅನ್ನಿಸಿತು. ಕರ್ಚೀಫಿನಲ್ಲಿ ಕಟ್ಟಿಕೊಂಡು ಬಂದೆ. ಇಲ್ಲೇ ಮೇಜಿನ ಮೇಲಿದೆ, ಕರಿ ಮಣ್ಣು, ಒಣಗಿ ಹೆಂಟೆಯಾಗಿದೆ. ಹನ್ನೊಂದು ವರ್ಷದಿಂದ ಭೂಮಿಯೊಳಗಿಂದ ಹೊರಗೆ ತೆಗೆಯುವುದೇ ನಿನ್ನ ಕೆಲಸ. ಒಂದೇ ಒಂದು ಹಿಡಿ ವಾಪಸು ಹಾಕಬೇಕಾಗಿದೆ.

ಪಾರ್ವತೆಮ್ಮ ಈ ತಿಂಗಳ ಕೊನೆಯ ತನಕ ಮಸ್ಕಿಯಲ್ಲೇ ಇರುತ್ತಾಳೆ. ಹೋದಾಗಲೆಲ್ಲ ಕೇಳುತ್ತಾಳೆ. "ಹಟ್ಟಿ ಅಣ್ಣಾರು ಯಾಕ ಬರಲಿಲ್ರಿ? ಇವರ ಮ್ಯಾಲ ಸಿಟ್ಟಿತ್ತೇನು?" ರಜೆ ಸಿಗಲಿಲ್ಲ ಅಂತ ಸುಳ್ಳು ಹೇಳಿದ್ದೇನೆ. ನನ್ನ ಖರೇ ಮಾತು ಯಾರೂ ನಂಬುವುದಿಲ್ಲ, ಸುಳ್ಳನ್ನು ಮಾತ್ರ ಅವಳು ನಂಬಿದ್ದಾಳೆ. ಶನಿವಾರ ಬಾ. ಮಸ್ಕಿ ಬಸ್ ಸ್ಟ್ಯಾಂಡಿನಲ್ಲಿ ಬೆಳಿಗ್ಗೆ ಹತ್ತರಿಂದ ಕರ್ಚೀಫು ಹಿಡಿದು ನಿಂತಿರುತ್ತೇನೆ. ಬಂದು ಹೊಡಿ, ಆ ಸಲ ಉಳಿಸಿದ್ದನ್ನೂ ಸೇರಿಸಿ ಹೊಡಿ.

ಭಾಬಿಗೆ ನನ್ನ ನಮಸ್ಕಾರ. ಮಕ್ಕಳ ತಲೆಯ ಮೇಲೆ ನನ್ನ ಪರವಾಗಿ ಕೈಯಿಡು. ಅವರು ನಗುತ್ತಾ ಬೆಳೆಯಲಿ, ಅವರು ಹೇಳಿದ್ದನ್ನು ಜನ ನಂಬಲಿ. ನೀನು ಪಾಳಿಯಿಂದ ದಿನವೂ ಮೇಲೆ ಬಾ.

ನಿನ್ನ
ಮೈಲಾರಿ

ಮರೆತ ಮಾತು: ಮರೆತಿರಲಿಲ್ಲ. ಮೇಲೆ ಬರೆಯಲು ಕೈ ಬರಲಿಲ್ಲ. ದಸರೆಯ ಮುಂಚೆ ದ್ಯಾವಪ್ಪ ನನಗೊಂದು ಕಾಗದ ಬರೆದಿದ್ದ. "ಮೈಲಾರಿ, ಎದಿಯಾಗ ಎಡಗಡಿ ಹಿಡದಂಗ ಆಗಾಕತ್ತದ. ಪಾರ್ವತಿಗೆ ಹೇಳಿಲ್ಲ. ದವಾಖಾನಿಗೆ ಒಬ್ಬನ ಹೋಗಾಕ ಅಂಜಿಕಿ ಬರ್ತದ. ನೀ ಎರಡು ದಿನ ಬಾ." ನಾನು ಒಂದು ಕಾರ್ಡಿನಲ್ಲಿ ಟಿವಿ ಪೆಟ್ಟಿಗೆಯ ಚಿತ್ರ ಬರೆದು, ಅದರೊಳಗೆ "ಅಡಚಣೆಗಾಗಿ ವಿಷಾದಿಸುತ್ತೇವೆ" ಅಂತ ಬರೆದು ಕಳಿಸಿದೆ. ಅಷ್ಟೇ, ಬೇರೆ ಒಂದಕ್ಷರ ಬರೆಯಲಿಲ್ಲ. ಅವನು ನಗುತ್ತಾನೆ ಅಂದುಕೊಂಡಿದ್ದೆ, ನಕ್ಕನಂತೆ ಕೂಡ. ಮಣ್ಣಾದ ಮರುದಿನ ಪಾರ್ವತೆಮ್ಮ ಆ ಕಾರ್ಡನ್ನು ನನ್ನ ಕೈಗೆ ಕೊಟ್ಟಳು. ಅರ್ಧ ಹಾಕಿಕೊಂಡಿದ್ದ ಅಂಗಿಯ ಜೇಬಿನಲ್ಲಿತ್ತಂತೆ. "ಭಾಳ ನಕ್ಕಿದ್ರು ಅಣ್ಣಾರ ಇದನ್ನ ನೋಡಿ. ದಿನಾ ಜೇಬಿನಾಗ ಇಟಗೊಂಡ ಹೋಗ್ತಿದ್ರು" ಅಂದಳು. ಆಮೇಲೆ ಕೇಳಿದಳು: "ಯಾವ ಅಡಚಣಿರೀ ಇದು?"

ಟಿವಿದು ತಂಗಿ, ಅಂದೆ.