ಬೆಟ್ಟ ಹತ್ತುವ ಗುಂಡಿಗಳು

ಅನ್ನಾಬಾ, ಅಲ್ಜೀರಿಯಾ

ಈ ಕಂಪ್ಯೂಟರ್ ಆಟ ತಯಾರಿಸಿದವರಿಗೆ,

ನಾನು ಷುಐಬ್, ಶಾಲೆ ಬಿಟ್ಟವನು. ನಿಮ್ಮ ಆಟದಲ್ಲಿ ಎಲ್ಲಿಗೆ ಬೇಕಾದರೂ ಹೋಗಬಹುದು ಎಂದು ಬರೆದಿದ್ದೀರಿ. ಅದು ನಿಜವಲ್ಲ.

ನನ್ನ ಅಣ್ಣ ಬದ್ರೆದ್ದೀನ್‌ಗೆ ಸ್ನಾಯು ಸೊರಗುವ ಕಾಯಿಲೆ. ಮೊದಲೆಲ್ಲ ಶುಕ್ರವಾರ ಎಡೂಗ್ ಬೆಟ್ಟ ಹತ್ತಿ ಸಮುದ್ರ ನೋಡಿ ಬರುತ್ತಿದ್ದ. ಈಗ ಮಂಚ ಬಿಟ್ಟು ಏಳಲಾರ, ಕೈಯಲ್ಲಿ ಎರಡು ಬೆರಳಷ್ಟೇ ಆಡುತ್ತವೆ. ನಿಮ್ಮ ಆಟದಲ್ಲೂ ಒಂದು ಬೆಟ್ಟವಿದೆ, ಆಚೆಗೆ ಸಮುದ್ರವಿದೆ. ಅದನ್ನು ತಾನೇ ಹತ್ತಿ ನೋಡಬೇಕೆಂದು ಅವನಿಗೆ ಆಸೆ.

ನಮ್ಮ ಕೀಲಿಮಣೆಯ ಅಕ್ಷರಗಳು ಫ್ರೆಂಚರ ಕ್ರಮದಲ್ಲಿವೆ. ನಿಮ್ಮಲ್ಲಿ ಒತ್ತಟ್ಟಿಗಿರುವ ನಡೆಯುವ ಗುಂಡಿಗಳು ನಮ್ಮಲ್ಲಿ ಚೆಲ್ಲಾಪಿಲ್ಲಿ. ಅದನ್ನು ಹೇಗೋ ಸರಿಮಾಡಿಕೊಟ್ಟೆ. ಆದರೆ ಹತ್ತಲು ಮೂರು ಗುಂಡಿಗಳನ್ನು ಒಟ್ಟಿಗೆ ಒತ್ತಿ ಹಿಡಿಯಬೇಕು, ಅದನ್ನು ಬದಲಿಸಲು ನೀವು ಬಿಡುವುದಿಲ್ಲ. ಅಣ್ಣ ಪ್ರತಿಸಲವೂ ಅದೇ ಬಂಡೆಯಿಂದ ಬೀಳುತ್ತಾನೆ.

"ಮಂಚದ ಹಿಂದೆ ಕೂತ್ಕೊಂಡು ಇನ್ನೊಂದು ಕೀಲಿಮಣೇಲಿ ನೀನೇ ಹತ್ತಿಸಿಬಿಡೋ, ಅವನಿಗೇನು ಗೊತ್ತಾಗತ್ತೆ?" ಅಂದ ಚಿಕ್ಕಮ್ಮನ ಮಗ ಫಾರೆಸ್. ಅಣ್ಣನಿಗೆ ಸುಳ್ಳು ಹೇಳಲಾರೆ ಅಂದೆ. ಎದುರಿಗೇ ಕೇಳಿದೆ, "ನಾನು ಹತ್ತಿಸ್ಲಾ ಅಣ್ಣ?"

"ನೀನು ಉಂಡ್ರೆ ನನ್ನ ಹೊಟ್ಟೆ ತುಂಬತ್ತೇನೋ ಕತ್ತೆ?" ಎಂದು ನಕ್ಕ. ಆಮೇಲೆ ಗೋಡೆಯ ಕಡೆ ಮುಖ ತಿರುಗಿಸಿಕೊಂಡ.

ದಯವಿಟ್ಟು ಒಂದೇ ಗುಂಡಿಯಲ್ಲಿ ಹತ್ತುವಂತೆ ಮಾಡಿಕೊಡಿ. ಬೇರೇನೂ ಬೇಡ. ಹೋದ ತಿಂಗಳು ಅವನ ಮೂರು ಬೆರಳು ಆಡುತ್ತಿದ್ದವು.

ಫಾರೆಸ್ ಇನ್ನೊಂದು ಕೀಲಿಮಣೆ ತಂದಿಟ್ಟು ಹೋಗಿದ್ದಾನೆ. ನಿಮ್ಮ ಉತ್ತರ ತಡವಾದರೆ ನಾನು ಮಂಚದ ಹಿಂದೆ ಕೂರುತ್ತೇನೆ.

ಇತಿ,
ಷುಐಬ್