ಮಾರಮ್ಮನ ಮೂರು ಕಲ್ಲು

ಪದ್ಮಿನಿ,

ನೀನು ಏಳುವ ಮೊದಲೇ ಕೆರೆಗೆ ಹೊರಟಿದ್ದೇನೆ. ತೆಂಗಿನ ನಾರು, ಸೀಗೆಪುಡಿ, ಅರಿಶಿನದ ಡಬ್ಬಿ ನನ್ನ ಹತ್ತಿರ ಇವೆ, ಹುಡುಕಬೇಡ. ಇವತ್ತು ಮಂಗಳವಾರ, ಅವ್ವ ತಂಬಿಟ್ಟು ಹಿಡಿದು ಮಾರಮ್ಮನ ಹತ್ತಿರ ಹೊರಡುತ್ತಾಳೆ. ರಾಗಿ ಹಸನು ಮಾಡಲು ಕೂರಿಸಿ ಹತ್ತು ಗಂಟೆವರೆಗೆ ತಡೆದಿರು.

ಮೊನ್ನೆ ಕೊಳ್ಳೇಗಾಲದ ಗೆಳೆಯರ ಜೊತೆ ಕೆರೆ ದಡದಲ್ಲಿ ಟೆಂಟ್ ಹಾಕಿದೆವಲ್ಲ, ಕೋಳಿ ಬೇಯಿಸಲು ಒಲೆ ಹೂಡಿದ್ದು ಮಾರಮ್ಮನ ಮೂರು ಕಲ್ಲಿನಲ್ಲಿ. ಮಳೆಗೆ ಅರಿಶಿನ ತೊಳೆದುಹೋಗಿತ್ತು, ಅವರಿಗೇನು ಗೊತ್ತು? ಶಿವರಾಜು ನಡುವಿನ ಕಲ್ಲು ಎತ್ತುತ್ತಾ, "ದೇವ್ರು ಗೀವ್ರು ಅಲ್ವಲ್ಲಾ?" ಅಂತ ಕೇಳಿದ. ಎಲ್ಲರೂ ನಕ್ಕರು. ನಾನೂ ನಕ್ಕು, "ಬರೀ ಕಲ್ಲು ಕಣ್ಲಾ, ಎತ್ಗೊ" ಅಂದೆ.

ಬಂದಾಗಿನಿಂದ ಯಾಕೆ ಊಟ ಸೇರುತ್ತಿಲ್ಲ ಅಂತ ಕೇಳಿದೆಯಲ್ಲ, ಇದಕ್ಕೇ. ನಿನ್ನೆ ಒಬ್ಬನೇ ಹೋಗಿ ನೀರು ಹಾಕಿ ಉಜ್ಜಿದೆ, ಮಸಿ ಹೋಗಲಿಲ್ಲ.

ಅವ್ವನಿಗೆ ನೀನು ಹೇಳಬೇಡ. ಅವಳೆದುರು ನಿಂತು ನಾನೇ ಹೇಳಬೇಕು. ದೀಪಶ್ರೀಗೆ ತಿಂಡಿ ತಿನ್ನಿಸಿ ಸ್ಕೂಲಿಗೆ ಕಳಿಸು.

ಮಗಳು ಆಸ್ಪತ್ರೆಯಲ್ಲಿ ಕಣ್ಣು ಬಿಡದೆ ಮಲಗಿದ್ದ ದಿನ, ಆ ನಡುವಿನ ಕಲ್ಲಿಗೇ ಹಣೆ ಹಚ್ಚಿ ಅತ್ತಿದ್ದೆ.

ಶಾಂತರಾಜು