ಸೂರ್ಯನನ್ನು ನಿಲ್ಲಿಸಿ ಮರೆತದ್ದು

ಪುಣೆ
30 ಸೆಪ್ಟೆಂಬರ್ 2025

ಪ್ರೀತಿಯ ಲತಾ,

ನನ್ನ ಅಕ್ಷರ ಕಂಡ ಕೂಡಲೇ ಕಾಗದವನ್ನು ಒಲೆಗೆ ಹಾಕಬೇಡ ಮಾರಾಯ್ತಿ. ಒಮ್ಮೆ ಓದು, ಆಮೇಲೆ ಬೇಕಾದರೆ ಹಾಕು. ಫೋನು ಮಾಡಿದರೆ ನೀನು ಎತ್ತುವುದಿಲ್ಲ, ಎತ್ತಿದರೆ ನನಗೆ ಬಾಯಿ ಬರುವುದಿಲ್ಲ.

ತಪ್ಪು ನನ್ನದು. ನಿನ್ನೆ ಗೊತ್ತಾಯಿತು.

ನಾವಿಬ್ಬರೂ ಕಂಪ್ಯೂಟರಿನಲ್ಲಿ ಕಟ್ಟಿದ ಆಕಾಶಗಂಗೆಯಲ್ಲಿ ನಕ್ಷತ್ರಗಳಿಗೆ ವೇಗ ಕೊಡುವುದು ನಿನ್ನ ಕೆಲಸ, ನಮ್ಮನ್ನು ಹೊತ್ತು ಓಡುವ ಸೂರ್ಯನಿಗೆ ವೇಗ ಕೊಡುವುದು ನನ್ನದು. ಕಾಣದ ನಕ್ಷತ್ರವೊಂದು ದೂರದ ನಕ್ಷತ್ರದ ಎದುರು ಹಾದಾಗ ಹಿಂದಿನದು ಕೆಲವು ದಿನ ಹೊಳಪೇರಿ ಇಳಿಯುತ್ತದಲ್ಲ, ನಮ್ಮ ಲೆಕ್ಕದಲ್ಲಿ ಆ ಹೊಳಪು ನಿಜದ ಆಕಾಶಕ್ಕಿಂತ ಬೇಗ ಮುಗಿಯುತ್ತಿತ್ತು. ಲತಾ ನಕ್ಷತ್ರಗಳನ್ನು ವಿಪರೀತ ಓಡಿಸಿದ್ದಾಳೆ ಎಂದು ಎಲ್ಲರೆದುರು ಹೇಳಿಬಿಟ್ಟೆ. "ನಿನ್ನ ಭಾಗವನ್ನೂ ಒಮ್ಮೆ ನೋಡೇ" ಎಂದು ನೀನು ಕೇಳಿಕೊಂಡೆ. ನಾನು ನಕ್ಕೆ. ಆ ನಗು ನೆನಪಾದರೆ ಈಗ ನನಗೇ ಹೇಸಿಗೆಯಾಗುತ್ತದೆ. ಮರುವಾರ ನೀನು ಕೆಲಸ ಬಿಟ್ಟು ನಿನ್ನ ಊರು ಕೋಡಿಬಾಗಕ್ಕೆ ಹೋದೆ.

ಯಾವುದೋ ಪರೀಕ್ಷೆಗೆಂದು ನಾನೇ ಸೂರ್ಯನ ವೇಗವನ್ನು ಸೊನ್ನೆ ಮಾಡಿದ್ದೆ, ತಿರುಗಿ ಹಾಕಲಿಲ್ಲ. ಅಷ್ಟೇ ಆದದ್ದು. ಹಾಕಿದ ಮೇಲೆ ಹೊಳಪಿನ ದಿನಗಳು ಸರಿಯಾಗಿ ಕೂತವು. ನಿನ್ನ ಒಂದು ಅಂಕಿಯನ್ನೂ ಮುಟ್ಟಬೇಕಾಗಲಿಲ್ಲ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ.

ಐದನೇ ಇಯತ್ತೆಯಲ್ಲಿ ನಿಮ್ಮ ಮನೆಗೆ ಬಂದಾಗ ಕಾಳಿ ಹೊಳೆಯಲ್ಲಿ ಮೊದಲ ಸಲ ದೋಣಿ ಹತ್ತಿದ್ದೆ, ನೆನಪಿದೆಯೇ? ಅಂಕೋಲೆಯ ಗದ್ದೆ ಮನೆಯ ಹುಡುಗಿ ನಾನು, ದಂಡೆ ಓಡಿಹೋಗುತ್ತಿದೆ ಎಂದು ಅತ್ತುಬಿಟ್ಟೆ. ನಿನ್ನ ಆಯಿ ಸೋಮಿ ನಕ್ಕು, "ಹುಚ್ಚಿ, ದಂಡೆ ಎಲ್ಲಿ ಓಡ್ತದೆ? ನೀ ಕೂತ ದೋಣಿ ಓಡ್ತದಲ್ಲೇ!" ಎಂದಿದ್ದರು. ಆ ಒಂದು ಮಾತು ನೆನಪಿಟ್ಟಿದ್ದರೆ ಸಾಕಿತ್ತು.

ಇವತ್ತು ಬೆಳಿಗ್ಗೆ ನಮ್ಮ ಗುಂಪು ನಡೆಸುವ ಭಾಸ್ಕರ ಸರ್‌ಗೆ ಎಲ್ಲ ಬರೆದು ಕೊಟ್ಟೆ. ತಪ್ಪಿನ ಎದುರು ನನ್ನ ಹೆಸರು, ಲೇಖನದಲ್ಲಿ ಮೊದಲು ನಿನ್ನ ಹೆಸರು. ಅವರು ನಿನ್ನನ್ನು ತಿರುಗಿ ಕರೆಯುತ್ತಾರೆ. ನನ್ನ ಮುಖ ನೋಡಲು ಮನಸ್ಸಿಲ್ಲದಿದ್ದರೆ ಹೇಳು, ನಾನು ಬೇರೆ ಗುಂಪಿಗೆ ಹೋಗುತ್ತೇನೆ. ಆದರೆ ನೀನು ಬಾ ಲತಾ. ನೀನಿಲ್ಲದೆ ನನಗೆ ಇಲ್ಲಿ ಸೇರುತ್ತಿಲ್ಲ.

ಇನ್ನೂ ಹಾಗನ್ನಬಹುದಾದರೆ, ನಿನ್ನ
ಯಶೋದಾ

ತಾ.ಕ.: ನಿನ್ನೆ ಗೊತ್ತಾಯಿತು ಎಂದು ಮೇಲೆ ಬರೆದದ್ದು ಸುಳ್ಳು. ಗೊತ್ತಾಗಿ ಐದು ವಾರವಾಯಿತು, ಚೌತಿಯ ಹಿಂದಿನ ದಿನ. ಹಬ್ಬಕ್ಕೆ ಊರಿಗೆ ಬಂದವಳು ನಿಮ್ಮ ಮನೆಯವರೆಗೂ ಬಂದಿದ್ದೆ. ಜಗಲಿಯಲ್ಲಿ ನೀನು ಮಕ್ಕಳಿಗೆ ಗಣಿತ ಹೇಳಿಕೊಡುತ್ತಿದ್ದೆ. ಬೇಲಿಯಾಚೆಯಿಂದಲೇ ನೋಡಿ ತಿರುಗಿ ಹೋದೆ. ಆ ಸುಳ್ಳಿನ ಸಾಲನ್ನು ಹೊಡೆದುಹಾಕಿಲ್ಲ. ನಾನು ಎಂಥವಳೆಂದು ತಿಳಿದೇ ನೀನು ಬರಬೇಕು.